ಹಿಮದ ಬೆಟ್ಟ, ಹೆಪ್ಪುಗಟ್ಟದ ಸರೋವರ

ಬೆಟ್ಟವೆಲ್ಲ ಹಿಮದಿಂದ ಬೆಳ್ಳಗಾಗಿರುವಾಗ ಅದರ ಬುಡದಲ್ಲಿರುವ ಸರೋವರ ಮಾತ್ರ ನೀಲಿಯಾಗಿ ಅಲೆಯಾಡುವುದುಂಟೇ? ಉಂಟು. ಅಮೆರಿಕದ ಕ್ಯಾಲಿಫೋರ್ನಿಯ, ನೆವಾಡ ಸಂಸ್ಥಾನಗಳ ಗಡಿಯಲ್ಲಿರುವ ಟಾಹೋ ಸರೋವರವೇ ಅದು. ಅದರ ಪಡುವಣ ದಂಡೆಯ ಹೋಮ್‌ವುಡ್ ಎಂಬಲ್ಲಿ, ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟದ ಸಣ್ಣ ತಾಣವೊಂದಿದೆ. ಇಳಿಜಾರು ದಂಡೆಯವರೆಗೂ ಬರುವುದರಿಂದ, ಜಾರುವವನಿಗೆ ತಾನೆಲ್ಲಿ ನೀರಿಗೇ ಬೀಳುವೆನೋ ಎನಿಸುತ್ತದೆ!

ಇಷ್ಟು ಹಿಮ ಎಲ್ಲಿಂದ ಬಂತು? ಶಾಂತಸಾಗರದ ತೇವದ ಗಾಳಿ ಸಿಯೆರಾ ನೆವಾಡ ಪರ್ವತಗಳಿಗೆ ತಾಗಿ ಮೇಲೇರುತ್ತದೆ. ಏರಿದಂತೆ ತಣ್ಣಗಾಗಿ ಹಿಮ ಸುರಿಸುತ್ತದೆ. ನಮ್ಮ ಆಗುಂಬೆಯಲ್ಲಿ ಮುಂಗಾರು ಸುರಿಯುವುದಕ್ಕೂ ಇದೇ ಕಾರಣ. ಇಲ್ಲಿ ಮಳೆ, ಅಲ್ಲಿ ಹಿಮ, ಅಷ್ಟೇ ವ್ಯತ್ಯಾಸ.

ಹಾಗಾದರೆ ಸರೋವರವೇಕೆ ಹೆಪ್ಪುಗಟ್ಟದು? ಅದರ ಆಳ ೫೦೧ ಮೀಟರ್. ತಣ್ಣಗಾದ ಮೇಲ್ನೀರು ಭಾರವಾಗಿ ಕೆಳಗಿಳಿಯುತ್ತದೆ. ಅದಕ್ಕಿಂತ ಬೆಚ್ಚಗಿನ ನೀರು ಮೇಲಕ್ಕೆ ಬರುತ್ತದೆ. ಇಷ್ಟು ನೀರು ತನ್ನ ಶಾಖವನ್ನೆಲ್ಲ ಬಿಟ್ಟುಕೊಡುವುದರೊಳಗೆ ಚಳಿಗಾಲವೇ ಮುಗಿದಿರುತ್ತದೆ. ಆಳ ಕಡಿಮೆಯಿರುವ ಎಮರಾಲ್ಡ್ ಕೊಲ್ಲಿ ಮಾತ್ರ ಕೆಲವು ವರ್ಷ ಹೆಪ್ಪುಗಟ್ಟಿದ್ದುಂಟು.

ಈ ನೀರು ತನ್ನ ತಿಳಿತನಕ್ಕೆ ಹೆಸರಾದುದು. ಅದನ್ನು ಅಳೆಯುವ ಬಗೆ ಬಹಳ ಸರಳ: ಬಿಳಿಯ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ಅದು ಯಾವ ಆಳದಲ್ಲಿ ಕಣ್ಮರೆಯಾಗುವುದೋ ಅದನ್ನು ಬರೆದಿಡುವುದು. ೧೯೬೮ರಲ್ಲಿ ವರ್ಷದ ಸರಾಸರಿ ಸುಮಾರು ೩೧ ಮೀಟರ್ ಇತ್ತು. ೨೦೧೭ರಲ್ಲಿ ಅದು ಸುಮಾರು ೧೮ ಮೀಟರಿಗೆ ಇಳಿಯಿತು.

ಕಾರಣವೇನು? ಹಿಮದ ರಸ್ತೆಯಲ್ಲಿ ವಾಹನಗಳು ಜಾರದಿರಲೆಂದು ಚೆಲ್ಲುವ ಮರಳು, ಚಕ್ರಗಳಡಿ ನುಣ್ಣಗೆ ಪುಡಿಯಾಗಿ, ಕರಗಿದ ನೀರಿನೊಡನೆ ಸರೋವರವನ್ನು ಸೇರುತ್ತದೆ. ಊರಿನ ಕೊಳೆ, ಅದರಿಂದ ಬೆಳೆಯುವ ಸೂಕ್ಷ್ಮ ಪಾಚಿ ಇವೂ ಕೂಡಿಕೊಂಡವು. ಹಿಂದೆ ಹೊಳೆನೀರನ್ನು ಸೋಸುತ್ತಿದ್ದ ದಂಡೆಯ ಜೌಗುನೆಲವನ್ನೂ ಮನುಷ್ಯ ಅಗೆದು, ತುಂಬಿ ಮನೆ ಕಟ್ಟಿದ. ಸರೋವರದ ಚೆಲುವನ್ನು ನೋಡಬಂದವರ ದಾರಿಯ ಧೂಳೇ ಆ ಚೆಲುವನ್ನು ಮಸುಕುಮಾಡಿತು!

ಈಗ ರಸ್ತೆಯ ಧೂಳನ್ನು ಗುಡಿಸಿ ತೆಗೆಯುವ, ಹರಿದುಬರುವ ನೀರನ್ನು ಹೊಂಡಗಳಲ್ಲಿ ತಡೆದು ತಿಳಿಗೊಳಿಸುವ, ಜೌಗುನೆಲವನ್ನು ಮತ್ತೆ ಬೆಳೆಸುವ ಕೆಲಸ ನಡೆದಿದೆ. ಹಳೆಯ ನೀರು ತಾನಾಗಿ ಹರಿದುಹೋಗಲಿ ಎಂದು ಕೂರುವಂತಿಲ್ಲ. ಏಕೆಂದರೆ ಈ ಸರೋವರದಿಂದ ಹೊರಬೀಳುವುದು ಟ್ರಕೀ ಎಂಬ ಒಂದೇ ನದಿ. ಒಳಬಂದ ನೀರಹನಿ ಹೊರಹೋಗಲು ಸರಾಸರಿ ೬೫೦ ವರ್ಷ ಬೇಕು. ಕೊಳೆ ಸೇರಿಸಲು ಐವತ್ತು ವರ್ಷ ಸಾಕಾಯಿತು.