ಹೊಸ ನ್ಯೂಟ್‌ಗಳಿಗೆ ಸೋಂಕು ತಗುಲಿರಬಹುದೇ?

ಪಶುವೈದ್ಯರ ಪ್ರಶ್ನೋತ್ತರ

ಪ್ರಶ್ನೆ: ನಾವು ಜರ್ಮನಿಯ ಎಸ್ಸೆನ್ ನಗರದಲ್ಲಿರುವ ಕನ್ನಡ ಕುಟುಂಬ. ಮಗಳ ಆಸೆಗೆ ಸಾಕುಪ್ರಾಣಿಗಳ ಸಂತೆಯಿಂದ ಮೂರು ಚೀನೀ ಫೈರ್ ಬೆಲ್ಲಿ ನ್ಯೂಟ್ ತಂದೆವು. ವಾರದೊಳಗೆ ಮಾರಿದವರೇ ಫೋನ್ ಮಾಡಿ, ಅದೇ ತೊಟ್ಟಿಯಲ್ಲಿದ್ದ ಎರಡು ನ್ಯೂಟ್‌ಗಳು ಮೈಮೇಲೆ ಹುಣ್ಣಾಗಿ ಸತ್ತವು ಎಂದರು. ನಮ್ಮವು ನೋಡಲು ಚೆನ್ನಾಗಿಯೇ ಇವೆ. ಒಂದು ಮಾತ್ರ ನೀರಿಗಿಳಿಯದೆ ಕಲ್ಲಿನ ಮೇಲೇ ಕೂತಿರುತ್ತದೆ, ಏನೂ ತಿನ್ನುತ್ತಿಲ್ಲ. ಮನೆಯಲ್ಲಿ ಬೇರೆ ತೊಟ್ಟಿಯಲ್ಲಿ ಹಳೆಯ ಎರಡು ನ್ಯೂಟ್‌ಗಳಿವೆ. ಎರಡಕ್ಕೂ ಒಂದೇ ಬಲೆ ಬಳಸಿದ್ದೇವೆ. ಮುನ್ನೆಚ್ಚರಿಕೆಗೆ ಮೀನಿನ ಔಷಧ ಹಾಕೋಣವೇ?

ಉತ್ತರ: ಬೇಡ. ಏನಾಗಿದೆಯೆಂದು ತಿಳಿಯುವ ಮೊದಲೇ ಔಷಧ ಹಾಕುವುದೇ ನಿಮ್ಮ ಮುಂದಿರುವ ದೊಡ್ಡ ಅಪಾಯ. ನ್ಯೂಟ್ ಕಪ್ಪೆಗಳ ಬಳಗದ ಉಭಯವಾಸಿ. ಅದರ ಚರ್ಮಕ್ಕೆ ಮೀನಿನಂತೆ ಹುರುಪೆಯ ರಕ್ಷೆಯಿಲ್ಲ. ನೀರು, ಲವಣ, ಒಂದಿಷ್ಟು ಉಸಿರಾಟ ಎಲ್ಲವೂ ಆ ಚರ್ಮದ ಮೂಲಕವೇ ನಡೆಯುತ್ತವೆ. ನೀರಿಗೆ ಬೆರೆಸಿದ್ದು ನೇರವಾಗಿ ಮೈಯೊಳಗೆ ಇಳಿಯುತ್ತದೆ. ಮೀನಿಗೆಂದು ಮಾರುವ ತಾಮ್ರ, ಫಾರ್ಮಲಿನ್, ಮ್ಯಾಲಕೈಟ್ ಗ್ರೀನ್ ಇರುವ ಔಷಧಗಳು ಮೀನಿಗೆ ಹಿಡಿಸುವ ಪ್ರಮಾಣದಲ್ಲೇ ನ್ಯೂಟನ್ನು ಕೊಲ್ಲಬಲ್ಲವು. ಇನ್ನೊಂದು ತೊಂದರೆಯೂ ಇದೆ. ಅರ್ಧಂಬರ್ಧ ಔಷಧ ಬಿದ್ದ ಪ್ರಾಣಿಯ ಪರೀಕ್ಷೆಯಲ್ಲಿ ರೋಗಾಣು ಸಿಗದೇ ಹೋಗಬಹುದು, ಆದರೆ ರೋಗ ಒಳಗೆ ಉಳಿದೇ ಇರುತ್ತದೆ.

ನೀವು ಎಸ್ಸೆನ್‌ನಿಂದ ಬರೆದಿದ್ದೀರಿ ಎನ್ನುವುದು ಈ ವಿಷಯದಲ್ಲಿ ಸಣ್ಣ ಸಂಗತಿಯಲ್ಲ. ನೆದರ್ಲೆಂಡ್ಸ್‌ನ ದಕ್ಷಿಣದ ಕಾಡಿನಲ್ಲಿ ಹಳದಿ-ಕಪ್ಪು ಬಣ್ಣದ ಫೈರ್ ಸಲಾಮಾಂಡರ್‌ಗಳು 2010ರಿಂದ 2013ರ ನಡುವೆ ನೂರಕ್ಕೆ 96ರಷ್ಟು ಕಣ್ಮರೆಯಾದವು. ಕಾರಣ ಹುಡುಕಿ ಹೊರಟ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿಗಳಾದ ಆನ್ ಮಾರ್ಟೆಲ್, ಫ್ರಾಂಕ್ ಪಾಸ್ಮನ್ಸ್ ಮತ್ತು ಸಂಗಡಿಗರು 2013ರಲ್ಲಿ ಒಂದು ಹೊಸ ಶಿಲೀಂಧ್ರವನ್ನು ಗುರುತಿಸಿದರು. ಬ್ಯಾಟ್ರಕೊಕೈಟ್ರಿಯಂ ಸಲಾಮಾಂಡ್ರಿವೊರನ್ಸ್ ಎಂಬುದು ಅದರ ಹೆಸರು. ಸಾಕುವವರ ಬಾಯಲ್ಲಿ ಅದು ಬಿ-ಸಾಲ್. ಸಲಾಮಾಂಡರ್, ನ್ಯೂಟ್‌ಗಳ ಚರ್ಮವನ್ನೇ ತಿಂದುಹಾಕುವ ಈ ರೋಗ ಆಮೇಲೆ ಜರ್ಮನಿಯ ಐಫೆಲ್ ಬೆಟ್ಟಗಳಲ್ಲೂ ನಿಮ್ಮದೇ ಎಸ್ಸೆನ್ ಸುತ್ತಿನ ಕಾಡಿನಲ್ಲೂ ಕಂಡಿತು. ಏಷ್ಯಾದಲ್ಲಿ ಬಹುಕಾಲದಿಂದ ಇದ್ದ ಶಿಲೀಂಧ್ರ ಸಾಕುಪ್ರಾಣಿ ವ್ಯಾಪಾರದ ಜೊತೆ ಯುರೋಪಿಗೆ ಬಂದಿತೆಂದು ಸಂಶೋಧಕರು ನಂಬುತ್ತಾರೆ. ಪೂರ್ವ ಏಷ್ಯಾದ ಹಲವು ನ್ಯೂಟ್‌ಗಳು ಅದನ್ನು ಮೈಮೇಲೆ ಹೊತ್ತೂ ಕಾಯಿಲೆ ಬೀಳದೆ ಓಡಾಡಿಕೊಂಡಿರಬಲ್ಲವು. ನೀವು ತಂದಿರುವುದೂ ಆ ಕಡೆಯ ಜೀವಿಯೇ. ಹಾಗಾಗಿ ‘ನೋಡಲು ಚೆನ್ನಾಗಿಯೇ ಇವೆ’ ಎಂಬ ನಿಮ್ಮ ಮಾತಿನಿಂದ ನನಗೆ ಸಮಾಧಾನವಾಗುವುದಿಲ್ಲ.

ಹಾಗೆಂದು ಸತ್ತ ಎರಡಕ್ಕೂ ಬಿ-ಸಾಲ್ ಇತ್ತೆಂದು ಈಗಲೇ ತೀರ್ಮಾನಿಸಬೇಡಿ. ಕೊಳಕು ನೀರಿನಲ್ಲಿ ಕಿಕ್ಕಿರಿದು ಪ್ರಯಾಣ ಮಾಡಿದ ನ್ಯೂಟ್‌ಗಳಿಗೆ ಏರೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳಿಂದ ಹೊಟ್ಟೆ, ಕಾಲುಗಳು ಕೆಂಪಾಗಿ ಹುಣ್ಣಾಗುವುದು ಸಾಮಾನ್ಯ. ಗಾಯದ ಮೇಲೆ ಹತ್ತಿಯ ಎಳೆಯಂತೆ ಬೆಳೆಯುವ ಬಿಳಿ ಬೂಸ್ಟು ಬೇರೆ ಜಾತಿಯದು. ರಾನಾವೈರಸ್ ತಗುಲಿದರೆ ಮೈ ಊದಿ ಚರ್ಮದಡಿ ರಕ್ತ ಒಸರುತ್ತದೆ, ಅದಕ್ಕೆ ಮದ್ದಿಲ್ಲ. ಬಿ-ಸಾಲ್‌ನಲ್ಲಿ ಚಿಕ್ಕ ದುಂಡನೆಯ ಹುಣ್ಣುಗಳು, ಮತ್ತೆ ಮತ್ತೆ ಪೊರೆ ಬಿಡುವುದು, ತೂರಾಡುವ ನಡಿಗೆ ಕಾಣುತ್ತವೆ. ಬರಿಗಣ್ಣಿಗೆ ಇವೆಲ್ಲ ಒಂದರಂತೆ ಇನ್ನೊಂದು ತೋರುತ್ತವೆ, ಚಿಕಿತ್ಸೆ ಮಾತ್ರ ಒಂದೊಂದಕ್ಕೂ ಬೇರೆ. ಅನುಭವಸ್ಥ ವೈದ್ಯರೂ ನೋಟದಿಂದಲೇ ಹೇಳಲಾರರು.

ಆದ್ದರಿಂದ ಇಂದೇ ಮಾರಿದವರಿಗೆ ಮತ್ತೆ ಫೋನ್ ಮಾಡಿ ಸತ್ತ ನ್ಯೂಟ್‌ಗಳ ದೇಹ ಉಳಿದಿದೆಯೇ ಎಂದು ಕೇಳಿ. ನಿಮ್ಮ ಮೂರರ ಪರೀಕ್ಷೆಗಿಂತ ಹೆಚ್ಚಿನ ಸಂಗತಿಯನ್ನು ಆ ಒಂದು ದೇಹ ಹೇಳಬಲ್ಲದು. ಅದನ್ನು ಚೀಲದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ಇಡಬೇಕು, ಫ್ರೀಜರ್‌ನಲ್ಲಲ್ಲ. ಹೆಪ್ಪುಗಟ್ಟಿದರೆ ಅಂಗಾಂಶ ಒಡೆದುಹೋಗಿ ಸೂಕ್ಷ್ಮದರ್ಶಕದ ಪರೀಕ್ಷೆ ಕೆಡುತ್ತದೆ. ನಂತರ ಉಭಯವಾಸಿಗಳನ್ನು ನೋಡುವ ಪಶುವೈದ್ಯರ ಬಳಿ ನಿಮ್ಮ ನ್ಯೂಟ್‌ಗಳ ಚರ್ಮದ ಸ್ವಾಬ್ ತೆಗೆಸಿ. ಹೊಟ್ಟೆ, ಪಾದ, ಬಾಲದ ಅಡಿಯನ್ನು ಹತ್ತಿಯ ಕಡ್ಡಿಯಿಂದ ಮೃದುವಾಗಿ ಹಲವು ಸಲ ಒರೆಸಿ ಪಿಸಿಆರ್‌ಗೆ ಕಳಿಸುತ್ತಾರೆ. ಬಿ-ಸಾಲ್ ಮತ್ತು ಕಪ್ಪೆಗಳನ್ನು ಕೊಲ್ಲುವ ಅದರ ದಾಯಾದಿ ಬಿ-ಡಿ, ಎರಡನ್ನೂ ಒಂದೇ ಪರೀಕ್ಷೆಯಲ್ಲಿ ನೋಡಬಹುದು. ನೋವಿಲ್ಲದ, ಕೆಲವೇ ನಿಮಿಷದ ಕೆಲಸ. ಮೊದಲ ವರದಿ ನೆಗೆಟಿವ್ ಬಂದರೂ ಸೋಂಕು ಆಗಷ್ಟೇ ಶುರುವಾಗಿದ್ದರೆ ತಪ್ಪಿಹೋಗಿರಬಹುದು. ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ.

ಕ್ವಾರಂಟೈನ್ ಆರು ವಾರಕ್ಕೆ ಕಡಿಮೆ ಬೇಡ. ಯುರೋಪಿಯನ್ ಒಕ್ಕೂಟ 2018ರಲ್ಲಿ ಸಲಾಮಾಂಡರ್ ವ್ಯಾಪಾರಕ್ಕೆ ಕಟ್ಟುಪಾಡು ತಂದಾಗಲೂ ಆರು ವಾರವನ್ನೇ ಇಟ್ಟಿತು. ನಾನು ಮೂರು ತಿಂಗಳು ಹೇಳುತ್ತೇನೆ. ಬಲೆ ಎರಡೂ ಕಡೆ ಓಡಾಡಿರುವುದರಿಂದ ನಿಮ್ಮ ಹಳೆಯ ಎರಡನ್ನೂ ಸೋಂಕಿಗೆ ಒಡ್ಡಿಕೊಂಡವೆಂದೇ ಎಣಿಸಿ ಅವುಗಳ ಸ್ವಾಬನ್ನೂ ತೆಗೆಸಿ. ಆದರೆ ಹೇಗೂ ಒಡ್ಡಿಕೊಂಡಿವೆಯಲ್ಲ ಎಂದು ಐದನ್ನೂ ಒಂದೇ ತೊಟ್ಟಿಗೆ ಸೇರಿಸಬೇಡಿ. ಹಳೆಯವು ತಪ್ಪಿಸಿಕೊಂಡಿರುವ ಸಾಧ್ಯತೆ ಇನ್ನೂ ಇದೆ.

ಹೊಸ ಮೂರಕ್ಕೆ ಒಂದೊಂದು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಸಾಕು. ಮುಚ್ಚಳಕ್ಕೆ ತೂತುಗಳಿರಲಿ, ಆದರೆ ಬಿಗಿಯಾಗಿ ಕೂರಲಿ. ನ್ಯೂಟ್‌ಗಳು ನುಣುಪು ಗೋಡೆಯನ್ನೂ ಹತ್ತಿ ಪಾರಾಗುತ್ತವೆ. ಮರಳು, ಜಲ್ಲಿ, ಜೀವಂತ ಗಿಡ ಯಾವುದೂ ಬೇಡ. ಒಂದು ಬದಿಗೆ ಒದ್ದೆ ಅಡುಗೆಮನೆ ಕಾಗದ, ಇನ್ನೊಂದು ಬದಿಗೆ ಆಳವಿಲ್ಲದ ನೀರು, ಅವಿತುಕೊಳ್ಳಲು ಪ್ಲಾಸ್ಟಿಕ್ ಬಟ್ಟಲಿನ ಒಂದು ಚೂರು. ಫಿಲ್ಟರ್ ಇಲ್ಲದ ಡಬ್ಬಿಯಲ್ಲಿ ಅಮೋನಿಯಾ ಬೇಗ ಏರುವುದರಿಂದ ನೀರನ್ನು ದಿನವೂ ಪೂರ್ತಿ ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿ, ಡಬ್ಬಿಯ ನೀರಿನಷ್ಟೇ ತಂಪಾದ ಮೇಲೆ ಹಾಕಿ. 16ರಿಂದ 20 ಡಿಗ್ರಿ ಈ ಜಾತಿಗೆ ಹಿತ.

ನೀರಿಗಿಳಿಯದ ನಿಮ್ಮ ನ್ಯೂಟ್ ಬಗ್ಗೆ ಹೇಳುವುದಾದರೆ, ಹೊಸದಾಗಿ ಬಂದ ಫೈರ್ ಬೆಲ್ಲಿಗಳು ಹಾಗೆ ಮಾಡುವುದುಂಟು. ಪ್ರಯಾಣದ ಬಳಲಿಕೆಯೋ ನೀರು ಸರಿಯಿಲ್ಲದ್ದೋ ಕಾರಣವಿರುತ್ತದೆ. ಬಲವಂತವಾಗಿ ನೀರಿಗೆ ತಳ್ಳಬೇಡಿ. ತೊಟ್ಟಿಯ ನೀರಿನ ಅಮೋನಿಯಾ, ನೈಟ್ರೈಟ್ ಅಳೆಯಿರಿ, ಎರಡೂ ಸೊನ್ನೆ ಇರಬೇಕು. ಆಹಾರಕ್ಕೆ ಸಣ್ಣ ಎರೆಹುಳುವಿನ ತುಂಡು ಅಥವಾ ಕೆಂಪು ಬ್ಲಡ್‌ವರ್ಮ್ ಅನ್ನು ಇಕ್ಕಳದಲ್ಲಿ ಹಿಡಿದು ಮೂತಿಯ ಮುಂದೆ ಮೆಲ್ಲಗೆ ಅಲುಗಾಡಿಸಿ. ಅಲುಗುವುದನ್ನೇ ಅವು ಬೇಗ ಗಮನಿಸುತ್ತವೆ. ಕೆಲವು ದಿನ ತಿನ್ನದಿದ್ದರೆ ಭಯಪಡಬೇಕಿಲ್ಲ, ತೂಕ ಇಳಿಯುತ್ತಿದ್ದರೆ ಯೋಚಿಸಬೇಕು. ಕೆಲವೇ ಗ್ರಾಂ ತೂಗುವ ಪ್ರಾಣಿಯಾದ್ದರಿಂದ ಗ್ರಾಮಿನ ಹತ್ತನೇ ಒಂದನ್ನು ತೋರಿಸುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ.

ಪಾರದರ್ಶಕ ಡಬ್ಬಿಯ ಅಡಿಯಿಂದ ಹೊಟ್ಟೆಯ ಫೋಟೋವನ್ನೂ ದಿನಕ್ಕೊಂದು ತೆಗೆಯಿರಿ. ಕಿತ್ತಳೆಗೆಂಪು ಹೊಟ್ಟೆಯ ಮೇಲಿನ ಕಪ್ಪು ಚಿತ್ತಾರ ಒಂದೊಂದು ನ್ಯೂಟಿಗೂ ಬೇರೆಬೇರೆ. ಯಾವುದು ಯಾವುದೆಂದು ಗುರುತಿಸಲು ಅದು ಸಾಕು, ನಿನ್ನೆ ಇಲ್ಲದ ಚುಕ್ಕೆ ಇಂದು ಮೂಡಿದ್ದರೂ ಅಲ್ಲೇ ಗೊತ್ತಾಗುತ್ತದೆ. ಪೊರೆ ಬಿಡುವುದನ್ನು ಕಂಡು ಗಾಬರಿಯಾಗಬೇಡಿ. ಆರೋಗ್ಯವಂತ ನ್ಯೂಟ್ ಆಗಾಗ ಬಾಯಂಚಿನಿಂದ ತೆಳುವಾದ ಪೊರೆಯನ್ನು ಸಡಿಲಿಸಿ, ಹಿಂದಕ್ಕೆ ಸರಿಸುತ್ತಾ, ಬೆರಳುಗಳ ಆಕಾರವೂ ಉಳಿದಂತೆ ಇಡಿಯಾಗಿ ಕಳಚಿ, ತಿರುಗಿ ಅದನ್ನೇ ತಿಂದುಬಿಡುತ್ತದೆ. ಪೊರೆ ತೇಪೆತೇಪೆಯಾಗಿ ಮೈಗೆ ಅಂಟಿ ನೇತಾಡಿದರೆ, ಅಥವಾ ದಿನ ಬಿಟ್ಟು ದಿನ ಬಿಡತೊಡಗಿದರೆ ಆ ದಿನವೇ ವೈದ್ಯರಲ್ಲಿಗೆ ಹೋಗಿ.

ವರದಿ ಪಾಸಿಟಿವ್ ಬಂದರೂ ಕೈಚೆಲ್ಲಬೇಕಿಲ್ಲ. ಬಿ-ಸಾಲ್‌ಗೆ ಹಿತವಾದದ್ದು 10ರಿಂದ 15 ಡಿಗ್ರಿಯ ತಂಪು, 25 ಡಿಗ್ರಿಯಲ್ಲಿ ಅದು ಉಳಿಯುವುದಿಲ್ಲ. ಸೋಂಕಿತ ಫೈರ್ ಸಲಾಮಾಂಡರ್‌ಗಳನ್ನು ಹತ್ತು ದಿನ 25 ಡಿಗ್ರಿಯಲ್ಲಿಟ್ಟು ಗುಣಪಡಿಸಿದ್ದನ್ನು ಘೆಂಟ್‌ನ ತಂಡ 2015ರಲ್ಲಿ ಪ್ರಕಟಿಸಿತು. ಅಷ್ಟು ಶಾಖ ತಡೆಯಲಾರದ ಜಾತಿಗಳಿಗೆ 20 ಡಿಗ್ರಿಯಲ್ಲಿ ವೊರಿಕೊನಜೋಲ್ ಮತ್ತು ಪಾಲಿಮಿಕ್ಸಿನ್-ಇ ಎಂಬ ಎರಡು ಔಷಧಗಳನ್ನು ಜೊತೆಯಾಗಿ ಬಳಸುವ ಕ್ರಮವೂ ಇದೆ. ಇವನ್ನು ಓದಿ ಮನೆಯಲ್ಲೇ ಹೀಟರ್ ಹಾಕಲು ಹೋಗಬೇಡಿ. ತಂಪು ಬಯಸುವ ನಿಮ್ಮ ನ್ಯೂಟ್‌ಗಳಿಗೆ 25 ಡಿಗ್ರಿ ಕಷ್ಟದ ಎಲ್ಲೆ. ಮೆಲ್ಲಗೆ ಏರಿಸುತ್ತಾ, ನೀರಿಗೆ ಗಾಳಿ ಊದಿಸುತ್ತಾ, ವೈದ್ಯರ ಕಣ್ಣಳತೆಯಲ್ಲೇ ಆಗಬೇಕಾದದ್ದು. ಬಿ-ಸಾಲ್ ಯುರೋಪಿನ ಪ್ರಾಣಿ ಆರೋಗ್ಯ ಕಾನೂನಿನ ಪಟ್ಟಿಯಲ್ಲಿರುವ ರೋಗ, ದೃಢಪಟ್ಟರೆ ಅಧಿಕಾರಿಗಳಿಗೆ ತಿಳಿಸಬೇಕು. ಮಾರಿದವರಿಗೂ ತಿಳಿಸಿ. ಅವರು ನಿಮಗೆ ಫೋನ್ ಮಾಡಿ ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ.

ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ನೀರಿನ ವಿಷಯ. ಬಿ-ಸಾಲ್‌ನ ಗಟ್ಟಿ ಕವಚದ ಬೀಜಕಣಗಳು ಕೊಳದ ನೀರಿನಲ್ಲಿ ಒಂದು ತಿಂಗಳಾದರೂ ಸೋಂಕು ಹರಡುವ ಶಕ್ತಿ ಉಳಿಸಿಕೊಂಡಿದ್ದವು ಎಂದು 2017ರ ಸಂಶೋಧನೆ ತೋರಿಸಿದೆ. ಡಬ್ಬಿಯ ಒಂದು ಲೋಟ ನೀರನ್ನೂ ಹಿತ್ತಲಿಗೆ, ಮಳೆನೀರಿನ ಚರಂಡಿಗೆ ಚೆಲ್ಲಬೇಡಿ. ಬ್ಲೀಚ್ ಬೆರೆಸಿ, ಕೆಲವು ಗಂಟೆ ಬಿಟ್ಟು, ಟಾಯ್ಲೆಟ್ಟಿಗೆ ಸುರಿಯಿರಿ. ಬ್ಲೀಚ್ ಜೊತೆ ಬೇರೆ ಯಾವ ಕ್ಲೀನರ್ ಕೂಡದು. ಬಳಸಿದ ಕಾಗದವನ್ನು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಆ ಬಲೆಯನ್ನು ಎಸೆದು ತೊಟ್ಟಿಗೊಂದರಂತೆ ಹೊಸತು ತನ್ನಿ. ಉಳಿದ ಸಲಕರಣೆಗಳನ್ನು ವಿರ್ಕಾನ್ ಎಂಬ ಸೋಂಕುನಾಶಕದ ಶೇಕಡಾ ಒಂದರ ದ್ರಾವಣದಲ್ಲಿ ಕನಿಷ್ಠ ಐದು ನಿಮಿಷ ಅದ್ದಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ. ದಿನದ ಕೆಲಸ ಹಳೆಯ ತೊಟ್ಟಿಯಿಂದ ಶುರುವಾಗಿ ಹೊಸ ಡಬ್ಬಿಗಳಲ್ಲಿ ಮುಗಿಯಲಿ.

ಪ್ರಶ್ನೆ: ಈ ಕಾಯಿಲೆ ನಮಗೆ, ಮಗುವಿಗೆ ಅಂಟುತ್ತದೆಯೇ? ಮಗಳಿಗೆ ಆರು ವರ್ಷ, ಅವುಗಳನ್ನು ಕೈಯಲ್ಲಿ ಹಿಡಿಯಲು ಹಟ ಮಾಡುತ್ತಾಳೆ. (ಅದೇ ಕುಟುಂಬದಿಂದ)

ಉತ್ತರ: ಬಿ-ಸಾಲ್, ಬಿ-ಡಿ, ರಾನಾವೈರಸ್ ಮೂರೂ ಮನುಷ್ಯರಿಗೆ ಅಂಟುವುದಿಲ್ಲ. ಅಂಟಬಹುದಾದದ್ದು ಸಾಲ್ಮೊನೆಲ್ಲಾ. ಅದು ಆರೋಗ್ಯವಂತ ನ್ಯೂಟ್‌ನಲ್ಲೂ ಇರಬಹುದು, ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರಿಗೆ ಹೆಚ್ಚು ತೊಂದರೆ ಕೊಡುತ್ತದೆ. ತೊಟ್ಟಿಯ ಸಾಮಾನನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಫೈರ್ ಬೆಲ್ಲಿ ನ್ಯೂಟ್‌ಗಳ ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವೂ ಇದೆ. ಮುಟ್ಟಿದ ಮಾತ್ರಕ್ಕೆ ಏನೂ ಆಗದು. ಆ ಕೈ ಕಣ್ಣಿಗೆ, ಬಾಯಿಗೆ ಹೋಗಬಾರದು. ನಮ್ಮ ಬೆಚ್ಚನೆಯ ಒಣ ಕೈ ನ್ಯೂಟಿಗೂ ಹಿಂಸೆ. ಮುಟ್ಟಲೇಬೇಕಾದಾಗ ದೊಡ್ಡವರು ಪೌಡರ್ ಇಲ್ಲದ ನೈಟ್ರೈಲ್ ಕೈಗವಸನ್ನು ಒದ್ದೆ ಮಾಡಿಕೊಂಡು ಮುಟ್ಟಲಿ. ಮಗಳಿಗೆ ಫೋಟೋ ತೆಗೆದು ಹೊಟ್ಟೆಯ ಚಿತ್ತಾರ ಹೋಲಿಸುವ ಕೆಲಸ ಕೊಡಿ. ಮಕ್ಕಳ ಕಣ್ಣು ಅದಕ್ಕೆ ಚುರುಕು.

ಪ್ರಶ್ನೆ: ಬೆಂಗಳೂರಿನಲ್ಲಿ ನ್ಯೂಟ್ ಸಾಕಬಹುದೇ? ಬೇಸರವಾದರೆ ಮಲೆನಾಡಿನ ಕಡೆ ಹಳ್ಳಕ್ಕೆ ಬಿಟ್ಟರೆ ಬದುಕುತ್ತವೆಯೇ? (ಒಬ್ಬ ವಿದ್ಯಾರ್ಥಿ)

ಉತ್ತರ: ಕರ್ನಾಟಕದ ಕಾಡುಗಳಲ್ಲಿ ನ್ಯೂಟ್ ಇಲ್ಲ. ಭಾರತದಲ್ಲಿ ಅದರ ಬಳಗದ ಹಿಮಾಲಯದ ಸಲಾಮಾಂಡರ್ ಡಾರ್ಜಿಲಿಂಗ್ ಕಡೆಯ ಬೆಟ್ಟದ ಕೊಳಗಳಲ್ಲಿದೆ. ಅದು ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿರುವ ಜೀವಿ, ಹಿಡಿಯುವುದೂ ಸಾಕುವುದೂ ಅಪರಾಧ. ಹೊರದೇಶದ್ದನ್ನು ಕಾಗದಪತ್ರವಿಲ್ಲದೆ ಯಾರಾದರೂ ಕೊಟ್ಟರೆ ಕೊಳ್ಳಬೇಡಿ. ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ತೊಟ್ಟಿಯನ್ನು 20 ಡಿಗ್ರಿಯಲ್ಲಿಡುವುದೂ ಸುಲಭವಲ್ಲ.

ಹಳ್ಳಕ್ಕೆ ಬಿಡುವ ಯೋಚನೆಯನ್ನು ದಯವಿಟ್ಟು ಈಗಲೇ ಕೈಬಿಡಿ. ನ್ಯೂಟ್ ಸತ್ತರೂ ಅದರ ಮೈಮೇಲಿನ ರೋಗಾಣು ಹಳ್ಳದಲ್ಲಿ ಉಳಿಯಬಹುದು. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಬಹುಪಾಲು ಜಗತ್ತಿನ ಬೇರೆಲ್ಲೂ ಇಲ್ಲದವು. ಬಿ-ಡಿ ಶಿಲೀಂಧ್ರ ಅಲ್ಲಿನ ಕಪ್ಪೆಗಳಲ್ಲಿ ಆಗಲೇ ಪತ್ತೆಯಾಗಿದೆ. ಅದಕ್ಕೆ ಹೊರಗಿನ ಇನ್ನೊಂದು ತಳಿಯನ್ನೋ ವೈರಸ್ಸನ್ನೋ ನಾವು ಸೇರಿಸಬಾರದು. ಸಾಕಲಾಗದ ಪ್ರಾಣಿಯನ್ನು ಕೊಟ್ಟವರಿಗೇ ಹಿಂದಿರುಗಿಸಿ, ಆಗದಿದ್ದರೆ ಪಶುವೈದ್ಯರನ್ನೋ ಅರಣ್ಯ ಇಲಾಖೆಯನ್ನೋ ಕೇಳಿ.