ಹಳೆಯ ಚಿನ್ನದ ಖರೀದಿ ವ್ಯಾಪಾರ: ಹೊಸದಾಗಿ ಆರಂಭಿಸುವವರು ಅರಿಯಬೇಕಾದ ಲೆಕ್ಕ

ಆಸ್ಪತ್ರೆಯ ವೆಚ್ಚ, ಮಕ್ಕಳ ಶಾಲಾ ಶುಲ್ಕ, ಬಿತ್ತನೆಯ ಖರ್ಚು ಮುಂತಾದ ಕಾರಣಗಳಿಂದ ಮನೆಯ ಒಡವೆಯನ್ನು ಮಾರುವ ಕುಟುಂಬಗಳು ಎಲ್ಲ ಊರುಗಳಲ್ಲೂ ಇವೆ. ಅವರಿಂದ ಹಳೆಯ ಚಿನ್ನವನ್ನು ಕೊಂಡು ಶುದ್ಧೀಕರಣ ಘಟಕಗಳಿಗೆ ಅಥವಾ ಆಭರಣ ತಯಾರಕರಿಗೆ ಮಾರುವುದು ಒಂದು ಪ್ರತ್ಯೇಕ ವ್ಯಾಪಾರವಾಗಿ ಬೆಳೆದಿದೆ. ದೊಡ್ಡ ಅಂಗಡಿ, ಅಲಂಕಾರದ ದಾಸ್ತಾನು ಇದಕ್ಕೆ ಬೇಕಿಲ್ಲವಾದ್ದರಿಂದ ಸುಲಭದ ವ್ಯಾಪಾರವೆಂದು ತೋರುತ್ತದೆ. ಆದರೆ ಇಲ್ಲಿ ಲಾಭಾಂಶ ಅತ್ಯಲ್ಪ; ಶುದ್ಧತೆಯ ಅಂದಾಜಿನಲ್ಲಿ ಆಗುವ ಸಣ್ಣ ತಪ್ಪು ಇಡೀ ಲಾಭವನ್ನು ನುಂಗಬಲ್ಲದು.

ಶುದ್ಧತೆಯ ಪರೀಕ್ಷೆ

ಶುದ್ಧ ಚಿನ್ನವನ್ನು 24 ಕ್ಯಾರೆಟ್ ಎನ್ನಲಾಗುತ್ತದೆ. 22 ಕ್ಯಾರೆಟ್ ಆಭರಣದಲ್ಲಿ ಸಾವಿರಕ್ಕೆ 916 ಭಾಗ, 18 ಕ್ಯಾರೆಟ್‌ನಲ್ಲಿ 750 ಭಾಗ ಚಿನ್ನವಿರುತ್ತದೆ. ಆದರೆ ಹಳೆಯ ಒಡವೆಗಳು ಹೇಳಿದ ಶುದ್ಧತೆಯನ್ನು ಹೊಂದಿರುತ್ತವೆಂದು ನಂಬುವಂತಿಲ್ಲ. ಬೆಸುಗೆಯಲ್ಲಿ ಚಿನ್ನದ ಅಂಶ ಕಡಿಮೆ. ಸರ, ಗುಂಡುಗಳಂತಹ ಒಡವೆಗಳಲ್ಲಿ ಬೆಸುಗೆಯ ಪ್ರಮಾಣ ಹೆಚ್ಚು. ಟೊಳ್ಳಾದ ಗುಂಡುಗಳೊಳಗೆ ಅರಗು ತುಂಬಿರುವುದೂ ಉಂಟು.

ಒರೆಗಲ್ಲು ಮತ್ತು ಕ್ಯಾರೆಟ್ ಮೀಟರ್ ಎರಡೂ ಒಡವೆಯ ಹೊರಮೈಯನ್ನು ಮಾತ್ರ ಪರೀಕ್ಷಿಸುತ್ತವೆ. ದಪ್ಪ ಚಿನ್ನದ ಲೇಪವಿದ್ದಲ್ಲಿ ಒಳಗಿನ ಲೋಹ ಇವುಗಳಿಗೆ ತಿಳಿಯದು. ಆದ್ದರಿಂದ ಒಡವೆಯನ್ನು ಹಲವು ಕಡೆ ಪರೀಕ್ಷಿಸಬೇಕು. ಸಂಶಯವಿದ್ದಲ್ಲಿ ಮಾರುವವರ ಲಿಖಿತ ಒಪ್ಪಿಗೆ ಪಡೆದು, ಅವರ ಎದುರಿನಲ್ಲಿಯೇ ಕರಗಿಸಿ, ಗಟ್ಟಿಯನ್ನು ಮತ್ತೆ ಪರೀಕ್ಷಿಸಬೇಕು. ಕರಗಿಸಿದ ಮೇಲೆ ಒಡವೆ ಹಿಂದಿರುಗುವುದಿಲ್ಲವಾದ್ದರಿಂದ, ಬೆಲೆಯ ಲೆಕ್ಕವನ್ನು ಮೊದಲೇ ತಿಳಿಸುವುದು ನ್ಯಾಯ.

ಹಾಲ್‌ಮಾರ್ಕ್ ಇದ್ದ ಒಡವೆಗಳ ಪರಿಶೀಲನೆ ಸುಲಭ. ಭಾರತದಲ್ಲಿ 2000ರಲ್ಲಿ ಸ್ವಯಂಪ್ರೇರಿತವಾಗಿ ಆರಂಭವಾದ ಈ ಪದ್ಧತಿ 2021ರ ಜೂನ್ 23ರಿಂದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ನಂತರ ಹಂತಹಂತವಾಗಿ ವಿಸ್ತರಿಸಿತು. ಆರು ಅಕ್ಷರಾಂಕಿಗಳ ಗುರುತಿನ ಸಂಖ್ಯೆಯುಳ್ಳ ಒಡವೆಯನ್ನು ಭಾರತೀಯ ಮಾನಕ ಸಂಸ್ಥೆಯ ಮೊಬೈಲ್ ತಂತ್ರಾಂಶದಲ್ಲಿ ಪರಿಶೀಲಿಸಬಹುದು. ಹಾಲ್‌ಮಾರ್ಕ್ ಇಲ್ಲದ ಹಳೆಯ ಒಡವೆಯನ್ನು ಗೃಹಸ್ಥರು ವರ್ತಕರಿಗೆ ಮಾರಲು ನಿರ್ಬಂಧವಿಲ್ಲ.

ಬೆಲೆಯ ಲೆಕ್ಕ

ಲೆಕ್ಕದ ಅನುಕೂಲಕ್ಕಾಗಿ ಶುದ್ಧ ಚಿನ್ನದ ದರ ಗ್ರಾಂಗೆ 10,000 ರೂ. ಎಂದಿಟ್ಟುಕೊಳ್ಳಬಹುದು. ಒಂದು ಸರದ ಒಟ್ಟು ತೂಕ 20 ಗ್ರಾಂ. ಕಲ್ಲು ಮತ್ತು ಅರಗು 1.5 ಗ್ರಾಂ, ನಿವ್ವಳ ತೂಕ 18.5 ಗ್ರಾಂ. ಪರೀಕ್ಷೆಯಲ್ಲಿ ಶುದ್ಧತೆ ಶೇ. 88 ಎಂದು ಕಂಡುಬಂದರೆ ಅದರಲ್ಲಿರುವ ಶುದ್ಧ ಚಿನ್ನ 16.28 ಗ್ರಾಂ, ಮೌಲ್ಯ 1,62,800 ರೂ. ಕರಗಿಸುವಾಗಿನ ಸವಕಳಿಗೆ ಶೇ. 0.5ರಂತೆ 814 ರೂ., ವರ್ತಕನ ವೆಚ್ಚ ಮತ್ತು ಲಾಭಕ್ಕೆ ಶೇ. 3ರಂತೆ 4,884 ರೂ. ಕಳೆದರೆ ಕೊಡಬಹುದಾದ ಬೆಲೆ 1,57,102 ರೂ.

ಅದೇ ಸರವನ್ನು ಪರೀಕ್ಷಿಸದೆ 22 ಕ್ಯಾರೆಟ್ ಎಂದು ನಂಬಿ, ಇದೇ ಕಡಿತಗಳೊಡನೆ ಕೊಂಡರೆ ವರ್ತಕನು ಸುಮಾರು 1,63,529 ರೂ. ಕೊಡುತ್ತಾನೆ. ಕರಗಿಸಿದ ಬಳಿಕ ಅವನ ಕೈಗೆ ಬರುವುದು 1,61,986 ರೂ. ಮಾತ್ರ. ಲಾಭದ ಮಾತಿರಲಿ, 1,543 ರೂ. ನಷ್ಟ. ಶೇ. 3.6ರಷ್ಟು ಶುದ್ಧತೆಯ ವ್ಯತ್ಯಾಸವು ಇಡೀ ವ್ಯವಹಾರವನ್ನು ತಿರುಗಿಸಿಬಿಡುತ್ತದೆ.

ದರದ ಏರಿಳಿತ

10 ಲಕ್ಷ ರೂ. ಮೌಲ್ಯದ ಚಿನ್ನ ಅಂಗಡಿಯಲ್ಲಿ ಉಳಿದಿರುವಾಗ ದರ ಶೇ. 3ರಷ್ಟು ಇಳಿದರೆ 30,000 ರೂ. ಹೋದಂತೆ. ದರ ಏರಿದಾಗ ಬರುವ ಲಾಭ ಸಟ್ಟಾ ವ್ಯವಹಾರದ್ದೇ ಹೊರತು ಖರೀದಿ ವ್ಯಾಪಾರದ್ದಲ್ಲ. ಆದ್ದರಿಂದ ಕೊಂಡ ದಿನವೇ ಮಾರಾಟದ ದರವನ್ನು ನಿಗದಿಪಡಿಸಿಕೊಳ್ಳುವುದು ಕ್ಷೇಮ. ದಾಸ್ತಾನು ಹೆಚ್ಚಿರುವವರಿಗೆ ವಾಯಿದಾ ವಿನಿಮಯ ಕೇಂದ್ರದಲ್ಲಿ 100 ಗ್ರಾಂನಂತಹ ಸಣ್ಣ ಪ್ರಮಾಣದ ಒಪ್ಪಂದಗಳೂ ಲಭ್ಯವಿವೆ.

ತೆರಿಗೆ ಮತ್ತು ಪಾವತಿ

ಚಿನ್ನದ ಮೇಲಿನ ಜಿ.ಎಸ್.ಟಿ. ಶೇ. 3. ನೋಂದಣಿ ಇಲ್ಲದ ಗೃಹಸ್ಥರು ತಮ್ಮ ಒಡವೆಯನ್ನು ಮಾರಿದಾಗ ಖರೀದಿದಾರನು ಹಿಮ್ಮುಖ ತೆರಿಗೆ ತೆರಬೇಕಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2017ರಲ್ಲಿ ಸ್ಪಷ್ಟಪಡಿಸಿತು. ಕೊಂಡ ಒಡವೆಯನ್ನು ಸ್ವರೂಪ ಬದಲಿಸದೆ ಮಾರಿದರೆ ಖರೀದಿ ಹಾಗೂ ಮಾರಾಟ ಬೆಲೆಗಳ ವ್ಯತ್ಯಾಸಕ್ಕೆ ಮಾತ್ರ ತೆರಿಗೆಯೆಂದು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2021ರಲ್ಲಿ ತಿಳಿಸಿತು. ಇಂತಹ ತೀರ್ಪು ಅರ್ಜಿದಾರರಿಗಷ್ಟೇ ಅನ್ವಯಿಸುವುದರಿಂದ ಇತರರು ಲೆಕ್ಕ ಪರಿಶೋಧಕರ ಸಲಹೆ ಪಡೆಯುವುದು ಸೂಕ್ತ. ಕರಗಿಸಿ ಗಟ್ಟಿಯಾಗಿ ಮಾರಿದರೆ ಪೂರ್ಣ ಮೌಲ್ಯಕ್ಕೆ ತೆರಿಗೆ ಬೀಳುತ್ತದೆ.

ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದಾಗಿ ಕೊಟ್ಟ ಖರೀದಿ ಹಣವನ್ನು ಆದಾಯ ತೆರಿಗೆ ಕಾನೂನು ಸಾಮಾನ್ಯವಾಗಿ ವೆಚ್ಚವೆಂದು ಮನ್ನಿಸುವುದಿಲ್ಲ. ಮೇಲಿನ ಉದಾಹರಣೆಯ ಸರಕ್ಕೆ ನಗದು ಕೊಟ್ಟರೆ, 4,884 ರೂ. ಗಳಿಕೆಗಾಗಿ 1,57,102 ರೂ. ಮೊತ್ತವೂ ತೆರಿಗೆಗೆ ಒಳಪಡುವ ಆದಾಯವೆನಿಸಬಹುದು. ಬ್ಯಾಂಕ್ ಮೂಲಕವೇ ಪಾವತಿಸುವುದು ಅನಿವಾರ್ಯ.

ಕಳವಿನ ಮಾಲು ಮತ್ತು ಗಿರವಿ

ಈ ವ್ಯಾಪಾರದ ದೊಡ್ಡ ಅಪಾಯ ಕಳವಿನ ಒಡವೆ. ಕಳವಿನ ಮಾಲೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ನಿರಪರಾಧಿಯಾದ ವರ್ತಕನ ಮಾಲನ್ನೂ ಪೊಲೀಸರು ವಶಪಡಿಸಿಕೊಂಡಲ್ಲಿ ಕೊಟ್ಟ ಹಣ ಸಿಕ್ಕಿಬೀಳುತ್ತದೆ. ಮಾರುವವರ ಗುರುತಿನ ಚೀಟಿ, ವಿಳಾಸ, ಭಾವಚಿತ್ರ, ಒಡವೆ ತಮ್ಮದೆಂಬ ಸಹಿ ಮಾಡಿದ ಘೋಷಣೆ ಮತ್ತು ಕರಗಿಸುವ ಮುನ್ನ ತೆಗೆದ ಒಡವೆಯ ಚಿತ್ರವನ್ನು ಜೋಪಾನವಾಗಿಡಬೇಕು. ಮಾರುಕಟ್ಟೆ ಬೆಲೆಗಿಂತ ತೀರಾ ಕಡಿಮೆಗೆ ಕೊಡಲು ಆತುರಪಡುವವರಿಂದ ಕೊಳ್ಳದಿರುವುದೇ ಲೇಸು.

"ಆರು ತಿಂಗಳಲ್ಲಿ ಹಿಂದಕ್ಕೆ ಕೊಡಿ, ಬಡ್ಡಿ ಸೇರಿಸಿ ಕೊಡುತ್ತೇವೆ" ಎಂಬ ಕೋರಿಕೆಗೆ ಒಪ್ಪಿದರೆ ವ್ಯವಹಾರ ಗಿರವಿಯ ಸ್ವರೂಪ ತಳೆಯುತ್ತದೆ. ಅದಕ್ಕೆ 1961ರ ಕರ್ನಾಟಕ ಗಿರವಿದಾರರ ಅಧಿನಿಯಮದಡಿ ಪ್ರತ್ಯೇಕ ಪರವಾನಗಿ ಬೇಕು.

ವಿಶ್ವಾಸವೇ ಬಂಡವಾಳ

ಮುದ್ರೆಯೊತ್ತಿದ ತಕ್ಕಡಿಯನ್ನು ಗಿರಾಕಿಗೆ ಕಾಣುವಂತೆ ಇಡಬೇಕು. ಒಟ್ಟು ತೂಕ, ನಿವ್ವಳ ತೂಕ, ಶುದ್ಧತೆ, ದರ, ಕಡಿತ ಇವೈದನ್ನೂ ಚೀಟಿಯಲ್ಲಿ ಬರೆದುಕೊಡಬೇಕು. ಕಷ್ಟದಲ್ಲಿ ಒಡವೆ ತಂದವರು ಚೌಕಾಸಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ. ಆ ಅಸಹಾಯಕತೆಯಿಂದ ಒಮ್ಮೆ ಹೆಚ್ಚು ಗಳಿಸಬಹುದು. ಆದರೆ ಆ ಮನೆಯವರು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ, ನೆರೆಯವರನ್ನೂ ಕಳುಹಿಸುವುದಿಲ್ಲ. ಅಲ್ಪ ಲಾಭದ ಈ ವ್ಯಾಪಾರ ನಿಲ್ಲುವುದು ಗಿರಾಕಿಗಳು ಮರಳಿ ಬಂದಾಗ ಮಾತ್ರ.