ಜೋಳ, ನೀರು ಮತ್ತು ಬೆಳೆಯುವ ಮೂಳೆ

ಮೂಳೆ ನಿರ್ಜೀವವಾದ ಕಂಬವಲ್ಲ. ಅದು ಜೀವಂತ ಅಂಗಾಂಶ. ಮಕ್ಕಳಲ್ಲಿಯೂ ಎಳೆಯ ಪ್ರಾಣಿಗಳಲ್ಲಿಯೂ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ತೆಳುವಾದ ಪದರವೊಂದಿರುತ್ತದೆ. ಈ ಪದರದಲ್ಲಿ ಹೊಸ ಜೀವಕೋಶಗಳು ಹುಟ್ಟುವುದರಿಂದ ಮೂಳೆ ನೀಳವಾಗಿ ಬೆಳೆಯುತ್ತದೆ. ಮನುಷ್ಯರಲ್ಲಿ ತಾರುಣ್ಯ ಕೂಡಿಬಂದಾಗ ಈಸ್ಟ್ರೋಜನ್ ಎಂಬ ಹಾರ್ಮೋನಿನ ಪ್ರಭಾವದಿಂದ ಪದರವು ಮುಚ್ಚಿಕೊಂಡು ಬೆಳವಣಿಗೆ ನಿಲ್ಲುತ್ತದೆ. ಅಲ್ಲಿಯವರೆಗಿನ ಅವಧಿಯಲ್ಲಿ ಆಹಾರ ಮತ್ತು ನೀರಿನಲ್ಲಿರುವ ದೋಷಗಳು ಮೂಳೆಯ ಆಕಾರದ ಮೇಲೆಯೇ ಪರಿಣಾಮ ಬೀರಬಲ್ಲವು.

ಸಸ್ಯಾಹಾರವು ಮೂಳೆಯನ್ನು ಹಲವು ಬಗೆಗಳಲ್ಲಿ ಪ್ರಭಾವಿಸುತ್ತದೆ. ಸೋಯಾ ಮೊದಲಾದ ಕಾಳುಗಳಲ್ಲಿ ಈಸ್ಟ್ರೋಜನ್ನನ್ನು ಹೋಲುವ ರಾಸಾಯನಿಕಗಳಿವೆ. ಬೇರೆ ಧಾನ್ಯಗಳು ತಾವು ಬೆಳೆದ ಮಣ್ಣಿನ ಖನಿಜಗಳನ್ನು ಹೊತ್ತು ತರುತ್ತವೆ. ಈ ಎರಡನೆಯ ಬಗೆಗೆ ನಮ್ಮ ನೆರೆಯಲ್ಲಿಯೇ ಒಂದು ಗಂಭೀರವಾದ ಉದಾಹರಣೆ ದೊರೆಯುತ್ತದೆ.

ನಲ್ಗೊಂಡದಲ್ಲಿ ಕಂಡದ್ದು

ಇಂದು ತೆಲಂಗಾಣಕ್ಕೆ ಸೇರಿರುವ ನಲ್ಗೊಂಡ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಅಧಿಕ. ಇದರಿಂದ ಹಲ್ಲುಗಳಲ್ಲಿ ಕಲೆ ಮೂಡುವುದು, ವಯಸ್ಕರ ಬೆನ್ನು ಸೆಟೆದುಕೊಳ್ಳುವುದು ಮುಂತಾದ ತೊಂದರೆಗಳು ಬಹಳ ಹಿಂದಿನಿಂದಲೂ ತಿಳಿದಿದ್ದವು. ಆದರೆ 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳಾದ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಅವರು ಹೊಸದೊಂದು ವಿಕಾರವನ್ನು ವರದಿ ಮಾಡಿದರು. ಹರೆಯದವರಲ್ಲಿ, ಅದರಲ್ಲಿಯೂ ಹೆಚ್ಚಾಗಿ ಹುಡುಗರಲ್ಲಿ, ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು. ಪಾದಗಳು ದೂರ ಸರಿಯುತ್ತಿದ್ದವು. ಕ್ಷ-ಕಿರಣ ಪರೀಕ್ಷೆಯಲ್ಲಿ ಬೆನ್ನುಮೂಳೆ ಅತಿಯಾಗಿ ಗಟ್ಟಿಯಾಗಿದ್ದು, ಕೈಕಾಲುಗಳ ಮೂಳೆಗಳು ಟೊಳ್ಳಾಗಿದ್ದುದು ಕಂಡುಬಂದಿತು.

ಜೋಳದ ಪಾತ್ರ

ಈ ವಿಕಾರವು ಅನ್ನ ಉಣ್ಣುವವರಿಗಿಂತ ಜೋಳವನ್ನೇ ಮುಖ್ಯ ಆಹಾರವಾಗಿ ಉಳ್ಳವರಲ್ಲಿ ಹೆಚ್ಚಾಗಿತ್ತು. ಇದಕ್ಕೆ ಕಾರಣವನ್ನು ಹುಡುಕಿದಾಗ ಎರಡು ಸಂಗತಿಗಳು ಹೊರಬಂದವು.

ಮೊದಲನೆಯದು ಮಾಲಿಬ್ಡಿನಮ್ ಎಂಬ ಖನಿಜಕ್ಕೆ ಸಂಬಂಧಿಸಿದ್ದು. ಜೋಳದ ಮೂಲಕ ಈ ಖನಿಜ ದೇಹಕ್ಕೆ ಹೆಚ್ಚಾಗಿ ಸೇರಿದರೆ ಮೂತ್ರದಲ್ಲಿ ತಾಮ್ರವು ಹೆಚ್ಚಾಗಿ ಹೊರಹೋಗುತ್ತದೆಂದು ದೇವಸ್ಥಳೆ ಮತ್ತು ಗೋಪಾಲನ್ ಅವರು 1974ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಮೂಳೆಗೆ ಹುರಿಹಗ್ಗದಂತೆ ಬಲ ನೀಡುವ ಕೊಲಾಜೆನ್ ಎಳೆಗಳನ್ನು ಪರಸ್ಪರ ಬಂಧಿಸುವ ಕಿಣ್ವಕ್ಕೆ ತಾಮ್ರ ಅತ್ಯಗತ್ಯ. ತಾಮ್ರ ಕಡಿಮೆಯಾದಲ್ಲಿ ಬೆಳೆಯುವ ಮೂಳೆ ದೇಹದ ಭಾರವನ್ನು ತಾಳಲಾರದೆ ಬಾಗುತ್ತದೆ. ಎರಡನೆಯದಾಗಿ, ಅನ್ನದ ಆಹಾರಕ್ಕಿಂತ ಜೋಳದ ಆಹಾರ ಸೇವಿಸುವಾಗ ಫ್ಲೋರೈಡ್ ದೇಹದಲ್ಲಿ ಹೆಚ್ಚಾಗಿ ಉಳಿಯುವುದು 1977ರ ಅಧ್ಯಯನದಲ್ಲಿ ಕಂಡುಬಂದಿತು.

ಜೋಳದಲ್ಲಿ ಮಾಲಿಬ್ಡಿನಮ್ ಹೆಚ್ಚಿದ್ದು ಏಕೆ? 1967ರಲ್ಲಿ ನಾಗಾರ್ಜುನಸಾಗರ ಅಣೆಕಟ್ಟು ಲೋಕಾರ್ಪಣೆಯಾಯಿತು. ಜಲಾಶಯದ ನೀರು ಇಂಗಿ ಸುತ್ತಲಿನ ಅಂತರ್ಜಲ ಮೇಲೇರಿ ಮಣ್ಣಿನ ಕ್ಷಾರಗುಣ ಹೆಚ್ಚಿತು. ಕ್ಷಾರ ಮಣ್ಣಿನಿಂದ ಸಸ್ಯಗಳು ಈ ಖನಿಜವನ್ನು ಸುಲಭವಾಗಿ ಹೀರಿಕೊಳ್ಳುತ್ತವೆ ಎಂಬುದು ಸಂಶೋಧಕರು ನೀಡಿದ ವಿವರಣೆ.

ದನಕರುಗಳ ವಿಷಯ

ಈ ಸಂಬಂಧ ಪಶುವೈದ್ಯರಿಗೆ ಹೊಸದಲ್ಲ. ಮಾಲಿಬ್ಡಿನಮ್ ಅಧಿಕವಾಗಿರುವ ಹುಲ್ಲನ್ನು ಮೇಯುವ ದನಗಳಿಗೆ ತಾಮ್ರದ ಕೊರತೆಯುಂಟಾಗುವುದನ್ನು ಇಂಗ್ಲೆಂಡಿನ ಸಾಮರ್ಸೆಟ್ ಪ್ರದೇಶದಲ್ಲಿ 1930ರ ದಶಕದಲ್ಲಿಯೇ ಗುರುತಿಸಲಾಗಿತ್ತು. ಫ್ಲೋರೈಡ್ ಇರುವ ನೀರನ್ನು ಕುಡಿಯುವ ಕರುಗಳ ಹಲ್ಲು ಮತ್ತು ಮೂಳೆಗಳೂ ಕೆಡುತ್ತವೆ. ಆದುದರಿಂದ ಊರಿನ ದನಕರುಗಳ ಹಲ್ಲಿನಲ್ಲಿ ಕಾಣುವ ಕಂದು ಕಲೆಯನ್ನು ಜನರಿಗೂ ಎಚ್ಚರಿಕೆಯೆಂದು ಭಾವಿಸಬೇಕು.

ಗಮನಿಸಬೇಕಾದ ಅಂಶಗಳು

ಕರ್ನಾಟಕದಲ್ಲಿ ಪಾವಗಡ, ಮುಂಡರಗಿ, ಕೋಲಾರ ಮುಂತಾದ ಕಡೆಗಳಲ್ಲಿಯೂ ಅಂತರ್ಜಲದ ಫ್ಲೋರೈಡ್ ಸಮಸ್ಯೆಯಿದೆ. ಆದರೆ ಇದರಿಂದ ಜೋಳವನ್ನು ದೂರುವುದು ಸರಿಯಲ್ಲ. ಉತ್ತರ ಕರ್ನಾಟಕದ ಜನತೆ ತಲೆಮಾರುಗಳಿಂದ ರೊಟ್ಟಿಯುಂಡು ಗಟ್ಟಿಮುಟ್ಟಾಗಿ ಬಾಳಿದ್ದಾರೆ. ನಲ್ಗೊಂಡದಲ್ಲಿ ಕೆಟ್ಟದ್ದು ಮೊದಲು ನೀರು; ಜೋಳವು ಆ ಕೇಡನ್ನು ಹೆಚ್ಚಿಸಿತು.

1. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮ್ ಮೀರಬಾರದು. ಬೇರೆ ನೀರಿನ ಆಸರೆಯೇ ಇಲ್ಲದ ಕಡೆ 1.5 ಮಿಲಿಗ್ರಾಮ್ ಗರಿಷ್ಠ ಮಿತಿ. ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಬೇಕು.

2. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ; ನೀರು ಇಂಗಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಮಳೆನೀರು ಅಥವಾ ಶುದ್ಧೀಕರಿಸಿದ ನದಿನೀರು ಉತ್ತಮ. ಪಟಿಕ ಮತ್ತು ಸುಣ್ಣವನ್ನು ಬಳಸಿ ಫ್ಲೋರೈಡನ್ನು ತೆಗೆಯುವ ವಿಧಾನವೊಂದಕ್ಕೆ ನಲ್ಗೊಂಡದ ಹೆಸರೇ ಇದೆ.

3. ಮಕ್ಕಳಿಗೆ ಒಂದೇ ಧಾನ್ಯವನ್ನು ನೀಡದೆ ರಾಗಿ, ಬೇಳೆಕಾಳು, ಹಾಲು, ಸೊಪ್ಪು ಇವುಗಳನ್ನು ಕೂಡಿಸಿ ಕೊಡಬೇಕು.

4. ಮಕ್ಕಳ ಮಂಡಿಗಳು ಒಳಬಾಗುತ್ತಿರುವುದು ಕಂಡಲ್ಲಿ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಬೆಳವಣಿಗೆ ಮುಗಿದ ಮೇಲೆ ಬಾಗಿದ ಕಾಲು ನೀರನ್ನು ಬದಲಿಸಿದ ಮಾತ್ರಕ್ಕೆ ನೇರವಾಗದು. ಮೂಳೆ ಬೆಳೆಯುತ್ತಿರುವ ಕೆಲವೇ ವರ್ಷಗಳಲ್ಲಿ ವಹಿಸುವ ಎಚ್ಚರವೇ ಇದಕ್ಕೆ ಇರುವ ಮುಖ್ಯ ಪರಿಹಾರ.